ಕಪ್ ಮೇಷ್ಟ್ರ ಊಹೆ ತಪ್ಪಿದ ವರ್ಷ

ಅವರು ಕಾಲೇಜಿನಲ್ಲಿ ಒಂದು ದಿನವೂ ಪಾಠ ಮಾಡಿದವರಲ್ಲ. ಆದರೂ ಎಲ್ಲರ ಬಾಯಲ್ಲೂ ಅವರು ಕಪ್ ಮೇಷ್ಟ್ರು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಅವರ ಮರಗೆಲಸ, ಹಿಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ. ಇಬ್ಬರೂ ಮದುವೆಯ ಗೊಡವೆಗೆ ಹೋಗದೆ, ಒಂದೇ ಸೂರಿನಡಿ ಜಗಳವಾಡಿಕೊಂಡು ಹಾಯಾಗಿದ್ದರು.

ಕಪ್‌ನ ಕಥೆ ಶುರುವಾದದ್ದು ಒಂದು ರಿಪೇರಿಯಿಂದ. ಕಾಲೇಜಿನ ಆಟೋಟಕ್ಕಾಗಿ ತೆರೆಮರೆಯಲ್ಲಿ ದುಡಿದವರಿಗೆ ವರ್ಷಕ್ಕೊಮ್ಮೆ ಕೊಡಲೆಂದು ಡ್ರಿಲ್ ಮೇಷ್ಟ್ರು ಅಂಗಡಿಯಿಂದ ತಗಡಿನ ಕಪ್ ತಂದಿದ್ದರು. ಕೊಡುವ ಮೊದಲೇ ಅದರ ಹಿಡಿ ಕಿತ್ತು ಬಂದು, ರಿಪೇರಿಗೆಂದು ಈ ಮರಗೆಲಸದವರ ಬಳಿ ತಂದರು. "ಇದನ್ನ ಕೊಟ್ರೆ ಸನ್ಮಾನ ಅಲ್ಲ ಸಾರ್, ಅವಮಾನ," ಎಂದು ಇವರು ಮೂಗು ಮುರಿದು, ತೇಗದ ತುಂಡೊಂದನ್ನು ಕಡೆದು ತಾವೇ ಕಪ್ ಮಾಡಿದರು. ಮೊದಲನೆಯದು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನಿಗೆ. ಅದರ ಸೊಂಟದ ಮೇಲೆ ಸುಣ್ಣದ ಡಬ್ಬಿ ಕೆತ್ತಿದರು. ಆಮೇಲೆ ತಂಡವನ್ನು ಊರೂರಿಗೆ ಕರೆದೊಯ್ದ ಬಸ್ ಚಾಲಕನಿಗೆ ಸ್ಟೀರಿಂಗ್, ಉಳುಕಿದ ಕಾಲು ನೋಡುತ್ತಿದ್ದ ಡಾಕ್ಟರಮ್ಮನಿಗೆ ಬ್ಯಾಂಡೇಜಿನ ಸುರುಳಿ. ಓಡುವ, ಜಿಗಿಯುವ ಗೊಂಬೆ ಒಂದರ ಮೇಲೂ ಇಲ್ಲ. ಪಡೆಯುವವರ ಕೆಲಸದ ಸಾಮಾನನ್ನೇ ಕೆತ್ತುವುದು ಪದ್ಧತಿಯಾಗಿ ಹೋಯಿತು.

ಕಾಲೇಜಿನ ಸಮಿತಿಯವರು ಕಪ್ ಪಡೆಯುವವರ ಹೆಸರು ತೀರ್ಮಾನಿಸುತ್ತಿದ್ದುದು ಕೊನೆಗಳಿಗೆಯಲ್ಲಿ. ಮರದ ಕೆಲಸಕ್ಕೆ ಅಷ್ಟು ಅವಸರ ಆಗದು. ಹಾಗಾಗಿ ಕಪ್ ಮೇಷ್ಟ್ರು ಯಾರಿಗೆ ಬರಬಹುದೆಂದು ಊಹಿಸಿಯೇ ಕೆತ್ತಲು ಕೂರುತ್ತಿದ್ದರು. ಊಹೆ ಒಮ್ಮೆಯೂ ತಪ್ಪಿರಲಿಲ್ಲವಾದ್ದರಿಂದ ತಲೆಯ ಮೇಲೆ ಸಣ್ಣ ಕೊಂಬು ಮೂಡಿತ್ತು ಎನ್ನಬೇಕು. "ದುಡಿಯೋರು ಯಾರು ಅಂತ ಈ ಕಣ್ಣಿಗೆ ಕಾಣದೆ ಇರುತ್ತಾ?" ಎಂದು ಅಕ್ಕನ ಮುಂದೆ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಅಕ್ಕ ಬಾಯಲ್ಲಿ ದಾರ ಕಚ್ಚಿಕೊಂಡೇ ಹೂಂಗುಟ್ಟುತ್ತಿದ್ದರು.

ಈ ವರ್ಷವಂತೂ ಊಹಿಸುವ ಕಷ್ಟವೇ ಇರಲಿಲ್ಲ. ಡ್ರಿಲ್ ಮೇಷ್ಟ್ರು ನಿವೃತ್ತರಾಗುತ್ತಿದ್ದರು. ಕಪ್ ಮೇಷ್ಟ್ರು ಚೆಂದದ ಸೀಟಿಯೊಂದನ್ನು ಕೆತ್ತಿ ಹೊಳಪು ಕೊಡುತ್ತಿದ್ದಾಗ ಆ ಡ್ರಿಲ್ ಮೇಷ್ಟ್ರೇ ಬಾಗಿಲಲ್ಲಿ ಬಂದು ನಿಂತರು. ಸೀಟಿ ನೋಡಿ ಅವರ ಮುಖ ಒಂಥರಾ ಆಯಿತು.

"ಚೆನ್ನಾಗಿದೆ. ಆದ್ರೆ ಈ ಸಲದ್ದು ನನಗಲ್ಲ ಸ್ವಾಮಿ." ಹಿಂದಿನ ಕೋಣೆಯತ್ತ ಕಣ್ಣು ಹೊರಳಿಸಿ ದನಿ ತಗ್ಗಿಸಿದರು. "ನಿಮ್ಮ ಅಕ್ಕಂಗೆ. ನಮ್ಮ ಹುಡುಗರ ಬಟ್ಟೆಯೆಲ್ಲ ಹೊಲಿದೋರು ಅವರೇ ತಾನೆ? ಸಮಿತಿಗೆ ಹೆಸರು ಹೇಳಿದ್ದು ನಾನೇ. ಸಮಾರಂಭದವರೆಗೂ ಬಾಯಿ ಬಿಡಬೇಡಿ."

ಕಪ್ ಮೇಷ್ಟ್ರು ಪೆಚ್ಚಾದರು. ಊಹೆ ತಪ್ಪಿದ್ದು ಹೋಗಲಿ. ಊರಲ್ಲೆಲ್ಲ ದುಡಿಯುವವರನ್ನು ಹುಡುಕಿದ ಕಣ್ಣು ತಮ್ಮದೇ ಮನೆಯ ಹಿಂದಿನ ಕೋಣೆಗೆ ಒಮ್ಮೆಯೂ ಹೊರಳಿರಲಿಲ್ಲ. ನಾಚಿಕೆಯಾಯಿತು. ಇನ್ನೊಂದು ಕಪ್ ಕಡೆಯಲು ಸಮಯವಿರಲಿಲ್ಲ, ಸೀಟಿಯನ್ನು ಉಳಿಯಿಂದ ಕೆರೆದು ತೆಗೆದರು. ಅದರ ಜಾಗದಲ್ಲಿ ಏನು? ಕತ್ತರಿ, ಸೂಜಿ ಯಾವ ದರ್ಜಿಗೂ ಸಲ್ಲುತ್ತವೆ. ಇದು ಅಕ್ಕನದೇ ಎನ್ನುವಂಥದ್ದು ಏನೆಂದು ಒಡಹುಟ್ಟಿದವರಿಗೇ ಹೊಳೆಯಲಿಲ್ಲ.

ಮರುದಿನ ಹಿಂದಿನ ಕೋಣೆಗೆ ಹೋಗಿ ಸ್ಟೂಲ್ ಎಳೆದುಕೊಂಡು ಕೂತರು.

"ಏನೋ, ಮೈ ಹುಷಾರಿಲ್ವಾ?" ಎಂದರು ಅಕ್ಕ.

"ಸುಮ್ನೆ ಬಂದೆ. ನೀನು ಹೊಲಿ."

ಅಕ್ಕನ ಮಡಿಲಲ್ಲಿ ಓಟಗಾರರ ಬನಿಯನ್ ಒಂದು ಒಳಮೈ ಹೊರಗಾಗಿ ಬಿದ್ದಿತ್ತು. ಎದೆಯ ನಂಬರಿನ ಹಿಂಬದಿಗೆ ಹಳೆಯ ಮೆತ್ತನೆ ಬಟ್ಟೆಯ ತುಂಡು ಇಟ್ಟು, ಕೈಯಿಂದಲೇ ಸಣ್ಣ ಸಣ್ಣ ಹೊಲಿಗೆ ಹಾಕುತ್ತಿದ್ದರು.

"ಇದ್ಯಾಕೆ ಅಕ್ಕ? ಯಾರಿಗೂ ಕಾಣಲ್ವಲ್ಲ."

"ನಂಬರಿನ ದಾರ ಒರಟು ಕಣೋ, ಬೆವರಿದಾಗ ಎದೆ ಉಜ್ಜುತ್ತೆ. ಓಡೋರಿಗೆ ಓಟದ ಮೇಲೆ ಗಮನ ಇರ್ಬೇಕು, ಉರಿ ಮೇಲಲ್ಲ."

"ಎಲ್ಲದಕ್ಕೂ ಹಾಕ್ತೀಯಾ?"

"ಮೊದಲಿಂದ್ಲೂ ಹಾಕ್ತೀನಿ. ನೀನು ಯಾವತ್ತು ನೋಡಿದ್ದೆ?"

ಚುಚ್ಚಿ ಹೇಳಿದ ಮಾತಲ್ಲ; ಸೂಜಿಗೆ ದಾರ ಪೋಣಿಸುತ್ತ ಹೇಳಿದ್ದು. ಅದಕ್ಕೇ ತಮ್ಮನಿಗೆ ಹೆಚ್ಚು ತಾಗಿತು. ಆ ಬನಿಯನ್‌ನ ಹೊಲಿಗೆ ಮುಗಿಯುವವರೆಗೂ ಅವರು ಎದ್ದು ಹೋಗಲಿಲ್ಲ.

ಸಮಾರಂಭದ ದಿನ ಅಕ್ಕ ದೂರದ ಮೇಜಿನ ಮೇಲಿದ್ದ ಕಪ್ ನೋಡಿ, "ಈ ಸಲ ಯಾಕೋ ಬಡಕಲಾಗಿದೆಯಲ್ಲೋ. ಯಾರಿಗೆ?" ಎಂದು ಪಿಸುಗುಟ್ಟಿದರು. ಕಪ್ ಮೇಷ್ಟ್ರು ಕೆಮ್ಮುತ್ತ ಮುಖ ತಿರುಗಿಸಿದರು. ಹೆಸರು ಕೂಗಿದಾಗ ಅಕ್ಕ, ಯಾರಪ್ಪಾ ಅದು ಎಂದು ಹಿಂದಕ್ಕೆ ತಿರುಗಿ ನೋಡಿದರು.

"ನಿನ್ನನ್ನೇ ಕರೀತಿರೋದು, ಏಳು."

"ತಲೆ ಕೆಟ್ಟಿದೆಯಾ ನಿಂಗೆ?"

ಓಟದ ಹುಡುಗ ಹುಡುಗಿಯರೆಲ್ಲ ಎದ್ದು ಚಪ್ಪಾಳೆ ತಟ್ಟತೊಡಗಿದ ಮೇಲೆಯೇ ಅಕ್ಕ ಎದ್ದದ್ದು.

ಕಪ್ ಹಿಡಿದು ಬಂದು ಕೂತವರು ಮುಂದಿನ ಭಾಷಣಕ್ಕೆ ಕಿವಿಗೊಡಲಿಲ್ಲ. ಕಪ್‌ನ ಸೊಂಟದಲ್ಲಿ ಒಳಮೈ ಹೊರಗಾದ ಪುಟ್ಟ ಬನಿಯನ್, ಎದೆಯಲ್ಲೊಂದು ತುಂಡು ಬಟ್ಟೆ, ಅದರ ಸುತ್ತ ಹೊಲಿಗೆಯ ಸಾಲು. ಅಕ್ಕ ಒಂದೊಂದೇ ಹೊಲಿಗೆಯನ್ನು ಬೆರಳಿನಿಂದ ಮುಟ್ಟುತ್ತ ಹೋದರು. ಕಣ್ಣು ತುಂಬಿ ಬಂದಿತ್ತು.

"ಮೂಲೇಲಿ ಎರಡು ಸಲ ಹಾಕ್ತೀನಲ್ಲ, ಅದನ್ನೂ ಕೆತ್ತಿದ್ದೀಯ."

"ನೋಡಿದೆ," ಎಂದರು ತಮ್ಮ.

ಮನೆಗೆ ಹೊರಟಾಗ, ಭಾರ ಇದೆ ಕೊಡು ಎಂದು ಕಪ್ ಮೇಷ್ಟ್ರು ಕೈ ಚಾಚಿದರೂ ಅಕ್ಕ ಕಪ್ ಬಿಟ್ಟುಕೊಡಲಿಲ್ಲ. ಗುರುತಿನವರು ಎದುರಾದಾಗಲೆಲ್ಲ ಕೆತ್ತನೆಯನ್ನು ಅವರತ್ತ ತಿರುಗಿಸಿ, "ನನ್ನ ತಮ್ಮ ಮಾಡಿದ್ದು," ಎನ್ನುತ್ತಿದ್ದರು.

"ನಿನಗೆ ಬಂದಿದ್ದು ಅಂತ ಹೇಳೇ ಅಕ್ಕ," ಎಂದು ಕಪ್ ಮೇಷ್ಟ್ರು ದಾರಿಯುದ್ದಕ್ಕೂ ತಿದ್ದುತ್ತಲೇ ಬಂದರು.