ಮುದ್ರೆ ನೋಡಿ ಹೆಸರು ಕೇಳದ ಸರ್ವರ್

ನಮ್ಮ ಕಡೆ ಹೊಸಬರು ಮನೆಗೆ ಬಂದರೆ, ಕುಡಿದ ನೀರಿನ ತಂಬಿಗೆ ಕೆಳಗಿಡುವಷ್ಟರಲ್ಲಿ 'ಯಾವೂರು, ಯಾರ ಪೈಕಿ' ಎಂದು ಕೇಳಿರುತ್ತಾರೆ. ನಾನು ನೋಡಿಕೊಳ್ಳುತ್ತಿದ್ದ ಸರ್ವರಿಗೆ ಅಷ್ಟೂ ಬುದ್ಧಿ ಇರಲಿಲ್ಲ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ದ್ರಾಕ್ಷಿ ಬೆಳೆಗಾರರ ಸಂಘದ ಆಫೀಸು. ಯಾವ ದಿನ ಯಾವ ಔಷಧ ಹೊಡೆಯಬೇಕೆಂದು ತಿಕೋಟಾ, ಬಬಲೇಶ್ವರ ಶಾಖೆಗಳ ಸರ್ವರುಗಳು ನಮ್ಮದಕ್ಕೆ ಸಂದೇಶ ಕಳಿಸುತ್ತಿದ್ದವು. ನಮ್ಮದು ಅದನ್ನು ರೈತರ ಮೊಬೈಲಿಗೆ ಮುಟ್ಟಿಸುತ್ತಿತ್ತು. ಒಂದು ಬೆಳಿಗ್ಗೆ, ಈ ಸಂದೇಶ ಮುಟ್ಟಿಸುವ ತಂತ್ರಾಂಶ ಮಾಡಿದವರಿಂದ ಎಚ್ಚರಿಕೆ ಬಂತು. ಎದುರಿನ ಸರ್ವರ್ ತನ್ನ ಗುರುತಿಗೆಂದು ತೋರಿಸುವ ಸರ್ಟಿಫಿಕೇಟಿನ ಮುದ್ರೆ ಅಸಲಿಯೇ ಎಂದಷ್ಟೇ ನಮ್ಮ ಸರ್ವರ್ ನೋಡುತ್ತಿತ್ತು, ಒಳಗೆ ಯಾರ ಹೆಸರಿದೆ ಎಂದು ನೋಡುತ್ತಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಮಳ್ಳ. ಯಾರು ಬೇಕಾದರೂ ಬಬಲೇಶ್ವರ ಶಾಖೆಯಾಗಿ ಬರಬಹುದಿತ್ತು.

ರಿಪೇರಿಗೆ ಒಂದು ದಿನ ಸರ್ವರ್ ನಿಲ್ಲಿಸಬೇಕು ಎಂದು ಮ್ಯಾನೇಜರರಿಗೆ ಹೇಳಿದೆ. ಮೋಡ ಕವಿದ ವಾರ, ದ್ರಾಕ್ಷಿಗೆ ರೋಗ ಬರುವ ಹೊತ್ತು, ಈಗ ಬೇಡ, ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮೋಡ ಕವಿದಿದೆ ಎಂದೇ ನಾನು ಹೆದರಿದ್ದೆ. ಇಂಥ ದಿನ ಒಂದು ಸುಳ್ಳು ಸಂದೇಶ ಹೋದರೆ ಸಾಕು, ತಿಂಗಳುಗಟ್ಟಲೆ ಸಾಕಿದ ಗೊಂಚಲುಗಳು ಕೊಳೆಯುತ್ತವೆ. ತೋರಿಸಿಯೇ ಬಿಡುತ್ತೇನೆ ಎಂದು ಹಟ ತೊಟ್ಟೆ. ಪರೀಕ್ಷೆ ಮಾಡಲೇ ಎಂದರೆ, ಏನಾದರೂ ಮಾಡಿಕೋ ಎಂದು ನಕ್ಕರು. ಒಂದು ತಾಸಿನ ಮೇಲೆ, ಅಸಲಿ ಮುದ್ರೆಯಿದ್ದ ನನ್ನ ಹೆಸರಿನ ಸರ್ಟಿಫಿಕೇಟು ತೋರಿಸಿ ಬಬಲೇಶ್ವರದ ವೇಷದಲ್ಲಿ ಒಳಹೊಕ್ಕು, ಅವರೊಬ್ಬರ ಮೊಬೈಲಿಗೆ ಮಾತ್ರ 'ಇಂದು ಔಷಧ ಬೇಡ' ಎಂದು ಕಳಿಸಿದೆ.

ಅವರು ಓದಿದರು. ನನ್ನೆದುರೇ ನಿಡೋಣಿಯಲ್ಲಿರುವ ತಮ್ಮ ಮನೆಗೆ ಫೋನ್ ಹಚ್ಚಿ, ತಮ್ಮ ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುವ ಪಂಪು ನಿಲ್ಲಿಸಲು ಹೇಳಿದರು.

"ಸರ್, ಅದನ್ನ ನಾನ ಕಳಿಸೇನ್ರಿ," ಎಂದೆ.

ಅವರ ಮುಖ ಇಳಿಯಿತು. ಮತ್ತೆ ಫೋನ್ ಹಚ್ಚಿ ಹೊಡೆಯಲು ಹೇಳಿದರು. ಅವರ ಹೆಂಡತಿಯ ದನಿ ನನಗೂ ಕೇಳಿಸಿತು: "ಆಗ ಬ್ಯಾಡ ಅಂದ್ರಿ, ಈಗ ಹೊಡೀರಿ ಅಂತೀರಿ. ಖರೆ ಯಾವುದ್ರಿ?"

ಅವರು ಫೋನ್ ಇಟ್ಟು, ನನ್ನ ಕಡೆ ನೋಡದೆ, "ಬಂದ್ ಮಾಡ ತಂಗಿ," ಎಂದರು.

ಬಂದ್ ಮಾಡಿದೆ. ತಿಕೋಟಾ, ಕಳ್ಳಕವಟಗಿ, ಬಬಲೇಶ್ವರ ಎಂದು ಆಫೀಸಿನವರೆಲ್ಲ ಒಬ್ಬೊಬ್ಬ ರೈತರಿಗೂ ಫೋನ್ ಮಾಡಿ ಆ ದಿನದ ಔಷಧ ತಿಳಿಸಿದೆವು. ಗಂಟಲು ಕಟ್ಟಿತು. ಸಂಜೆ ಹೆಸರನ್ನೂ ನೋಡುವ ಹೊಸ ಆವೃತ್ತಿ ಕೂರಿಸಿ, ಅದೇ ಸರ್ಟಿಫಿಕೇಟು ತೋರಿಸಿ ಮತ್ತೆ ಬಬಲೇಶ್ವರವಾದೆ. ಸರ್ವರ್ ನನ್ನನ್ನು ಹೊರಹಾಕಿತು. ನಂಬಿಕೆ ಬಾರದೆ ಮತ್ತೆ ಪ್ರಯತ್ನಿಸಿದೆ, ಮತ್ತೆ ಹೊರಹಾಕಿತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಸೋತಿಲ್ಲ. ಮ್ಯಾನೇಜರರು ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದರು.

"ಇನ್ನೊಮ್ಮೆ ಮಾಡ," ಎಂದರು.