ಗಂಗತ್ತೆಯ ಕಿವಿ

ನಮ್ಮ ಗಂಗತ್ತೆ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಎರಡೇ ಸಲ. ಮೂರನೆಯ ಸಲ ಅಲ್ಲಾಡಿಸಿದ್ದನ್ನು ನಾನಂತೂ ಕಂಡಿಲ್ಲ. ಆಮೇಲೆ ಕಣ್ಣು ತೆರೆದು ಕಾಯಿಯನ್ನು ಎಡಕ್ಕೋ ಬಲಕ್ಕೋ ಉರುಳಿಸಿಬಿಡುವಳು. ಎಡಕ್ಕೆ ಹೋದದ್ದು ವಾಪಸ್ಸು ಅಟ್ಟಕ್ಕೆ, ಬಲಕ್ಕೆ ಹೋದದ್ದು ಸುಲಿಯುವವರ ಮುಂದಕ್ಕೆ. ಈ ತೀರ್ಪಿನ ಮೇಲೆ ನಮ್ಮಪ್ಪನೂ ಮಾತಾಡುವ ಹಾಗಿರಲಿಲ್ಲ.

ಅರಳಗುಪ್ಪೆಯ ಪಕ್ಕದಲ್ಲಿ ನಮ್ಮ ತೋಟ. ನಮ್ಮ ಕಡೆ ಕೊಯ್ದ ಕಾಯಿಯನ್ನು ಕೂಡಲೇ ಒಡೆಯುವುದಿಲ್ಲ. ಸಿಪ್ಪೆಯ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಉಂಡೆ ಕೊಬ್ಬರಿಯಾಗುತ್ತದೆ. ಆತುರಪಟ್ಟು ಒಡೆದರೆ ತಿರುಳು ಕರಟಕ್ಕೆ ಅಂಟಿಕೊಂಡು ಚೂರಾಗುತ್ತದೆ, ವರ್ಷದ ಕಾಯುವಿಕೆ ಮಣ್ಣುಪಾಲು. ಬೇರೆ ಮನೆಗಳಲ್ಲಿ ತಿಂಗಳು ಲೆಕ್ಕ ಹಾಕಿ, ನಾಲ್ಕು ಕಾಯಿ ಅಲ್ಲಾಡಿಸಿ ನೋಡಿ ರಾಶಿಯನ್ನೇ ಇಳಿಸಿಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಒಂದೊಂದು ಕಾಯಿಯೂ ಗಂಗತ್ತೆಯ ಕಿವಿ ದಾಟಿಯೇ ಹೋಗಬೇಕು.

"ಗುಳುಗುಳು ಅಂತದಲ್ಲ, ಅದ್ರಲ್ಲಿ ಇನ್ನೂ ನೀರೈತೆ. ಲೊಟಲೊಟ ಅಂದ್ರೆ ಬಿಟ್ಕೊಂಡೈತೆ ಅಂತ. ಇವೆರಡರ ಮಧ್ಯದಲ್ಲಿ ಒಂದೈತೆ ನೋಡು, ಅದು ಏನೂ ಅನ್ನಲ್ಲ. ಅದನ್ನ ಕೇಳೋದು ಕಲೀಬೇಕು" ಎನ್ನುತ್ತಿದ್ದಳು ನನಗೆ.

"ಏನೂ ಅನ್ನದೇ ಇರೋದನ್ನ ಹೆಂಗತ್ತೆ ಕೇಳೋದು?"

"ಅಯ್ಯೋ ಹುಚ್ಚಿ, ಅದೇ ಅಲ್ವೇನೇ ಕೆಲಸ!"

ಗಂಗತ್ತೆ ನಮ್ಮಪ್ಪನ ತಂಗಿ. ಹದಿನಾರಕ್ಕೆ ಕಂದಿಕೆರೆಗೆ ಮದುವೆಯಾಗಿ ಹೋದವಳು ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಮಕ್ಕಳಿರಲಿಲ್ಲ. ಬಂದವಳು ಬಂದ ಹಾಗೆಯೇ ಉಳಿದಳು. ಅವಳನ್ನು ನಮ್ಮ ಮನೆಯಲ್ಲಿ ಯಾರೂ ಒಂದು ಮಾತು ಬೈದವರಲ್ಲ, ಅದನ್ನು ಎದೆ ತಟ್ಟಿ ಹೇಳಬಲ್ಲೆ. ಆದರೆ ಕೂರಿಸಿಕೊಂಡು ಮಾತಾಡಿಸಿದವರೂ ಇಲ್ಲ. ಅಪ್ಪ ದಿನಕ್ಕೊಂದು ಸಲ "ಊಟ ಆಯ್ತಾ ಗಂಗೂ?" ಎನ್ನುತ್ತಿದ್ದರು. ಅವಳು "ಆಯ್ತಣ್ಣಯ್ಯ" ಎನ್ನುತ್ತಿದ್ದಳು. ಮೂವತ್ತು ವರ್ಷ ಅಣ್ಣತಂಗಿಯರ ಮಾತುಕತೆ ಇಷ್ಟೇ ಎಂದರೆ ನಂಬುತ್ತೀರಾ? ನನಗೆ ಬುದ್ಧಿ ಬಂದಾಗಿನಿಂದ ಕಂಡದ್ದಂತೂ ಇದೇ.

ಅವಳಿಗೆ ಒಂದು ಗೀಳಿತ್ತು. ನಡುಮನೆಯ ಗೂಡಿನಲ್ಲಿ ಮರದ ಪೆಟ್ಟಿಗೆಯಂಥ ದೊಡ್ಡ ರೇಡಿಯೋ ಇತ್ತು. ಮಧ್ಯಾಹ್ನ ಎಲ್ಲರೂ ತೋಟಕ್ಕೆ ಹೋದ ಮೇಲೆ ಅವಳು ಅದರ ಮುಂದೆ ಕೂತು ಗುಂಡಿಯನ್ನು ತಿರುಗಿಸುವಳು. ಸ್ಟೇಷನ್ ಬಂದರೆ ನಿಲ್ಲಿಸುವುದಿಲ್ಲ. ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ನಡುವೆ ಕುಂಯ್ ಎಂದು ಏರುವುದು, ಸೊಂಯ್ ಎಂದು ಇಳಿಯುವುದು, ಎಲ್ಲೋ ಆಳದಲ್ಲಿ ಗುಂಯ್ ಎನ್ನುವುದು ಬರುತ್ತದಲ್ಲ, ಅಲ್ಲಿ ನಿಲ್ಲಿಸಿಕೊಂಡು ಕೂರುವಳು. ಕೂದಲೆಳೆಯಷ್ಟು ತಿರುಗಿಸುವಳು, ಮತ್ತೆ ಕಣ್ಣು ಮುಚ್ಚುವಳು. ಒಂದು ದಿನ ಅಪ್ಪ ಹೊತ್ತಿಗೆ ಮುಂಚೆ ಮನೆಗೆ ಬಂದವರು ನೋಡಿ, "ಸ್ಟೇಷನ್ ಹಿಡಿಯೋಕೆ ಬರಲ್ವೇನೇ ನಿಂಗೆ?" ಎಂದು ತಾವೇ ಗುಂಡಿ ತಿರುಗಿಸಿ ವಾರ್ತೆ ಹಾಕಿದರು. ಅವಳು ಸೆರಗು ಕೊಡವಿಕೊಂಡು ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋಗಿ, "ಅದರಲ್ಲಿ ಏನೈತೆ ಅಂತ ಕೇಳ್ತೀಯತ್ತೆ?" ಎಂದೆ. "ಏನೈತೆ ಅಂತ ಹೇಳೋಕೆ ಬರಂಗಿದ್ರೆ ಯಾರ್ಗಾದ್ರೂ ಹೇಳ್ತಿರಲಿಲ್ವೇನೇ" ಎಂದಳು.

ಇನ್ನು ನನ್ನ ವಿಷಯ. ಎಂಬತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹಾಸ್ಟೆಲಿಗೆ ಸೇರಿದ ಆರೇ ತಿಂಗಳಿಗೆ ನನ್ನ ಬಾಯಿಂದ 'ಐತೆ', 'ಬುಡು' ಎಲ್ಲ ಗಂಟುಮೂಟೆ ಕಟ್ಟಿದ್ದವು. ಕೋಣೆಯ ಗೆಳತಿ ರೇಖಾ ನಗುತ್ತಾಳೆಂಬ ಹೆದರಿಕೆಗೆ ನಾನೇ ಓಡಿಸಿದ್ದೆ. ಆ ವರ್ಷ ನಮ್ಮ ಕಾಲೇಜಿನ ಮೈದಾನದಲ್ಲಿ ಶನಿವಾರ, ಭಾನುವಾರ ಎರಡು ದಿನದ ಸಂಗೀತ ಮೇಳವೊಂದು ಏರ್ಪಾಡಾಯಿತು. ಸಿನಿಮಾ ಹಾಡು ಹಾಡುವಂತಿಲ್ಲ, ತಾವೇ ಕಟ್ಟಿದ್ದನ್ನು ನುಡಿಸಬೇಕು ಎಂದು ನಿಯಮ. ಗಿಟಾರಿನವರು, ಡ್ರಮ್ಮಿನವರು, ಜೊತೆಗೆ ಕರೆಂಟಿನಿಂದಲೇ ಸಂಗೀತ ಹುಟ್ಟಿಸುವ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ. ರಜೆಗೆ ಊರಿಗೆ ಹೋದಾಗ ಇದನ್ನು ಗಂಗತ್ತೆಗೆ ಹೇಳಿದೆ. "ಥೇಟ್ ನಿನ್ನ ರೇಡಿಯೋ ಥರಾನೇ ಕುಂಯ್ ಅನ್ನುತ್ತಂತೆ" ಎಂದು ತಮಾಷೆಗೆ ಸೇರಿಸಿದೆ. ಅವಳ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು.

"ನಾನೂ ಬತ್ತೀನಿ" ಎಂದಳು.

ಅಪ್ಪ ನಕ್ಕರು. "ಕುಂಯ್ ಕುಂಯ್ ಕೇಳೋಕೆ ಬೆಂಗ್ಳೂರಿಗೆ ಹೋಗ್ತೀಯಾ? ಮನೇಲೇ ಬತ್ತದಲ್ಲ!"

"ಅದು ತಾನಾಗೇ ಆಗೋದು ಅಣ್ಣಯ್ಯ. ಅಲ್ಲಿ ಯಾರೋ ಬೇಕೂಂತ ಮಾಡ್ತಾರಂತೆ. ಹಂಗಾದ್ರೆ ನನ್ನಂಗೆ ಕೇಳೋರು ಇನ್ನೊಬ್ರು ಅವ್ರೆ ಅಂತಾಯ್ತಲ್ಲ. ಒಂದ್ಸಲ ನೋಡ್ಕಂಡ್ ಬತ್ತೀನಿ."

ಅವಳು ಜನ್ಮದಲ್ಲಿ ಕೇಳಿದ್ದು ಅದೊಂದೇ. ಅಪ್ಪ ಬೇಡವೆನ್ನಲಿಲ್ಲ.

ಆ ಶನಿವಾರ ಬೆಳಿಗ್ಗೆ ಬಸ್ಸಿಳಿದಳು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಬಟ್ಟೆಚೀಲ, ಅದರಲ್ಲಿ ಅವಳೇ ಆರಿಸಿ ಸುಲಿಸಿದ ನಾಲ್ಕು ಒಣಗಾಯಿ. ಎರಡು ವಾರ್ಡನ್ನಿಗೆ ಕೊಟ್ಟೆವು. ಅವರು ಖುಷಿಯಾಗಿ ಅತ್ತೆಯನ್ನು ಒಂದು ರಾತ್ರಿ ನನ್ನ ಕೋಣೆಯಲ್ಲಿ ಇರಿಸಿಕೊಳ್ಳಲು ಒಪ್ಪಿದರು. ಉಳಿದೆರಡು ಚೀಲದಲ್ಲೇ ಉಳಿದವು.

ಮಧ್ಯಾಹ್ನ ಮೈದಾನದಲ್ಲಿ ಶಾಮಿಯಾನ, ಬಾಡಿಗೆಯ ಕುರ್ಚಿಗಳು, ಆಳೆತ್ತರದ ಸ್ಪೀಕರುಗಳು. ಗಿಟಾರಿನ ಹುಡುಗರು ಒಬ್ಬರಾದ ಮೇಲೊಬ್ಬರು ಬಂದು ಹಾಡಿದರು. ಗಂಗತ್ತೆ ಮರ್ಯಾದೆಯಿಂದ ಕೇಳಿ, "ಪಾಪ, ಚೆನ್ನಾಗಿ ಕಿರಚ್ತಾವೆ" ಎಂದಳು. ನಾಲ್ಕು ಗಂಟೆಗೆ ಆ ಎಂಜಿನಿಯರಿಂಗ್ ಹುಡುಗ ಬಂದ. ದಪ್ಪ ಕನ್ನಡಕ, ಇಸ್ತ್ರಿ ಇಲ್ಲದ ಅಂಗಿ, ತಾನೇ ಬೆಸುಗೆ ಹಾಕಿ ಮಾಡಿದ ತಗಡಿನ ಪೆಟ್ಟಿಗೆ, ಅದರ ಮುಖದ ತುಂಬ ಗುಂಡಿಗಳು. ಮೇಜಿನ ಮೇಲಿಟ್ಟು ತಿರುಗಿಸತೊಡಗಿದ.

ಮೊದಲು ಆಳದಲ್ಲಿ ಗುಂಯ್ ಎಂದಿತು. ಅದರ ಮೇಲೆ ಇನ್ನೊಂದು ಸ್ವರ ಎದ್ದು ನಿಧಾನವಾಗಿ ಏರಿತು. ಹಾಡಿಲ್ಲ, ತಾಳವಿಲ್ಲ. ಐದು ನಿಮಿಷಕ್ಕೆ ಜನ ಸಿಳ್ಳೆ ಹಾಕಿದರು. "ಮೊದ್ಲು ರಿಪೇರಿ ಮಾಡ್ಸ್ಕೊಂಡು ಬಾರೋ!" ಎಂದು ಯಾರೋ ಕೂಗಿದ. ಹತ್ತು ನಿಮಿಷಕ್ಕೆ ಅರ್ಧ ಶಾಮಿಯಾನ ಖಾಲಿ. ರೇಖಾ ಟೀ ಕುಡಿಯಲು ಎದ್ದುಹೋದಳು. ನಾನು ಸಂಕೋಚಕ್ಕೆ ಕೂತಿದ್ದೆ. ಗಂಗತ್ತೆ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಮುಖ ಅಷ್ಟು ಹಗುರವಾದದ್ದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ.

ಅವನು ಮುಗಿಸಿದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅವನು ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದ. ಗಂಗತ್ತೆ ಎದ್ದವಳೇ ನೆಟ್ಟಗೆ ವೇದಿಕೆಗೆ ಹೋದಳು. ನಾನು "ಅತ್ತೆ, ಬೇಡ ಬಾ" ಎನ್ನುತ್ತ ಹಿಂದೆ ಓಡಿದೆ.

"ಚೆನ್ನಾಗೈತೆ ಕಣಪ್ಪ" ಎಂದಳು ಅವನಿಗೆ. "ಆದ್ರೆ ಮಧ್ಯದಲ್ಲಿ ಒಂದು ಬತ್ತದಲ್ಲ, ಅದ್ರಲ್ಲಿ ಇನ್ನೂ ನೀರೈತೆ."

ಅಷ್ಟರಲ್ಲಿ ಟೀ ಲೋಟ ಹಿಡಿದು ಬಂದಿದ್ದ ರೇಖಾ ಗೊಳ್ಳೆಂದು ನಕ್ಕಳು. "ಕರೆಂಟಿನ ಪೆಟ್ಟಿಗೇಲಿ ನೀರಾ!" ಸುತ್ತಲಿದ್ದವರೂ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆ ಹುಡುಗ ಮಾತ್ರ ನಗಲಿಲ್ಲ.

"ಯಾವುದಮ್ಮ? ತೋರಿಸಿ" ಎಂದ.

ನಮ್ಮತ್ತೆ ಬಾಯಲ್ಲೇ ಊಂಂ ಎಂದು ಆ ಸ್ವರವನ್ನು ಮಾಡಿ ತೋರಿಸಿದಳು. ಅವನು ಒಂದು ಗುಂಡಿ ಹಿಡಿದು ತಿರುಗಿಸಿದ. "ಇನ್ನೂ ಒಣಗ್ಬೇಕು" ಎಂದಳು. ಅವನು ತಿರುಗಿಸಿದ. "ಇನ್ನೂ ಒಸಿ. ಇನ್ನೂ... ಆಂ! ಈಗ ಬಿಟ್ಕಂತು ನೋಡು!"

ನನಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಕನ್ನಡಕ ತೆಗೆದು ಅವಳನ್ನೇ ನೋಡಿದ. "ಎರಡು ತಿಂಗಳಿಂದ ಇದೇ ತಲೆನೋವಾಗಿತ್ತಮ್ಮ. ಏನೋ ಸರಿಯಿಲ್ಲ ಅಂತ ಗೊತ್ತು, ಏನು ಅಂತ ಗೊತ್ತಾಗ್ತಿರಲಿಲ್ಲ. ನಿಮಗೆ ಹೇಗೆ ಕೇಳಿಸ್ತು?" ಅವಳು ಚೀಲದಿಂದ ಕಾಯಿ ತೆಗೆದು ಅವನ ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದಳು. ಅವನು ನಗುತ್ತ ಮೈಕನ್ನೇ ಎಳೆದು ಕಾಯಿಗೆ ಹಿಡಿದ. ಲೊಟಲೊಟ ಎಂದು ಮೈದಾನಕ್ಕೆಲ್ಲ ಕೇಳಿಸಿತು.

"ನಾಳೆ ಎರಡು ಗಂಟೆಗೆ ಮತ್ತೆ ನಂದಿದೆ. ನೀವು ಬರಲೇಬೇಕು. ನೀವು ಕಾಯಿ ಅಲ್ಲಾಡಿಸಿ, ನಾನು ಇದನ್ನ ನುಡಿಸ್ತೀನಿ. ಇಬ್ಬರೂ ಒಟ್ಟಿಗೆ ಕೂರೋಣ."

"ಬತ್ತೀನಿ ಕಣಪ್ಪ. ಬರದೇ ಇರ್ತೀನಾ?"

ಹಾಸ್ಟೆಲಿನವರೆಗೂ ಅವಳ ಬಾಯಿಗೆ ಬಿಡುವಿರಲಿಲ್ಲ. ಮೂವತ್ತು ವರ್ಷ ನಮ್ಮ ಮನೆಯಲ್ಲಿ ಆಡದ ಮಾತುಗಳನ್ನು ಅರ್ಧ ಮೈಲಿಯಲ್ಲಿ ಆಡಿದಳು. "ಅವನಿಗೂ ಕೇಳುಸ್ತದೆ ಕಣೇ ಉಮಾ, ಅವನಿಗೂ ಕೇಳುಸ್ತದೆ" ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದಳು.

ಸಂಜೆ, ಅತ್ತೆ ಕೋಣೆಯಲ್ಲಿದ್ದಾಗ, ಮೆಸ್ಸಿನಲ್ಲಿ ರೇಖಾ ತಲೆಯ ಮೇಲೆ ದುಪಟ್ಟಾ ಹೊದ್ದು, ಸಾರಿನ ಪಾತ್ರೆಯನ್ನು ಕಿವಿಗೆ ಹಿಡಿದು "ನೀರೈತೆ ಕಣಪ್ಪ" ಎಂದು ಆಡಿ ತೋರಿಸಿದಳು. ಇಡೀ ಮೆಸ್ಸು ನಕ್ಕಿತು. ನಾನೂ ನಕ್ಕೆ. ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ: ನಾನೂ ನಕ್ಕೆ. ನಾಳೆ ಅತ್ತೆ ಕಾಲೇಜಿಗೆ ಕಾಲೇಜೇ ನೋಡುವಂತೆ ವೇದಿಕೆಯ ಮೇಲೆ ಕೂತು ಕಾಯಿ ಅಲ್ಲಾಡಿಸಿದರೆ ನನ್ನ ಗತಿಯೇನು ಎಂಬ ಯೋಚನೆಯಲ್ಲೇ ಅರ್ಧ ಊಟಕ್ಕೆ ಎದ್ದೆ.

ಭಾನುವಾರ ಬೆಳಿಗ್ಗೆ ಅವಳು ಊರಿನ ಪೆಟಾರಿಯಿಂದ ತಂದಿದ್ದ ರೇಷ್ಮೆ ಅಂಚಿನ ಸೀರೆ ಉಟ್ಟು ಸಿದ್ಧಳಾಗಿದ್ದಳು. ನಾನು ಅವಳ ಮುಖ ನೋಡದೆ ಹೇಳಿದೆ. "ಅತ್ತೆ, ಇವತ್ತಿನ ಕಾರ್ಯಕ್ರಮ ಇಲ್ಲವಂತೆ. ಕರೆಂಟ್ ತೊಂದರೆಯಂತೆ. ನಿನ್ನನ್ನ ಹನ್ನೊಂದರ ಬಸ್ಸಿಗೇ ಹತ್ತಿಸಿಬಿಡ್ತೀನಿ."

"ಹೌದಾ? ಆ ಹುಡುಗನಿಗೆ ಗೊತ್ತಾ?"

"ಗೊತ್ತು."

ಅವಳು ಬಟ್ಟೆಚೀಲವನ್ನು ಕೈಗೆತ್ತಿಕೊಂಡಳು. "ಸರಿ ಬುಡು" ಎಂದಳು.

ಬಸ್ ಸ್ಟಾಪಿಗೆ ಮೈದಾನದ ಹಿಂದಿನ ಗೋಡೆ ಬಳಸಿಯೇ ಹೋಗಬೇಕು. ಆ ಗೋಡೆಯ ಉದ್ದಕ್ಕೂ ನಾನು ಪರೀಕ್ಷೆ, ಲೆಕ್ಚರರು, ಹಾಸ್ಟೆಲ್ ಊಟ ಎಂದು ಎಡೆಬಿಡದೆ ಜೋರಾಗಿ ಮಾತಾಡಿದೆ. ಗಂಗತ್ತೆ ಹೂಂ, ಹೂಂ ಎನ್ನುತ್ತ ಬಂದಳು. ಬಸ್ಸು ಹೊರಟಾಗ ಕಿಟಕಿಯಿಂದ ಕೈಯಾಡಿಸಿದಳು.

ಎರಡು ಗಂಟೆಗೆ ನಾನು ಮೈದಾನಕ್ಕೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಅವನು ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿದ್ದ. ಅದರ ಮುಂದೆ ಮೈಕನ್ನು ಕೂತವರ ಎತ್ತರಕ್ಕೆ ಇಳಿಸಿ ಕಟ್ಟಿಸಿದ್ದ. ಗೇಟಿನ ಕಡೆ ನೋಡುತ್ತ ಅರ್ಧ ಗಂಟೆ ಕಾಯ್ದ. ಸಂಘಟಕರು ಬಂದು ಗದರಿದ ಮೇಲೆ ಒಬ್ಬನೇ ಶುರುಮಾಡಿದ. ನಾನು ಶಾಮಿಯಾನದ ಹಿಂದಿನಿಂದ ಹೊರಟುಬಂದೆ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಗಂಗತ್ತೆ ರೇಡಿಯೋದ ಹತ್ತಿರ ಕೂರುವುದನ್ನು ಬಿಟ್ಟಿದ್ದಳು. "ಬೆಂಗ್ಳೂರಿಗೆ ಹೋಗ್ಬಂದ್ಮೇಲೆ ಇವಳ ಹುಚ್ಚು ಬುಡ್ತು" ಎಂದು ಅಪ್ಪ ನನಗೇ ಶಹಬ್ಬಾಸ್‌ಗಿರಿ ಕೊಟ್ಟರು. ಅವಳು ಅಟ್ಟದ ಕೆಳಗೆ ಒಬ್ಬಳೇ ಕೂತು ಕಾಯಿ ಎಡಕ್ಕೆ ಬಲಕ್ಕೆ ಉರುಳಿಸುತ್ತಿದ್ದಳು. ಹೇಳಿಬಿಡೋಣವೆಂದು ಎರಡು ಸಲ ಹತ್ತಿರ ಹೋದೆ. ಧೈರ್ಯ ಸಾಲಲಿಲ್ಲ.

ಏಳು ವರ್ಷ ಕಳೆಯಿತು. ನಾನು ಹಾಸನದಲ್ಲಿ ಹೈಸ್ಕೂಲ್ ಮೇಡಂ ಆಗಿದ್ದೆ. ಗಂಗತ್ತೆ ಹಾಸಿಗೆ ಹಿಡಿದಿದ್ದಾಳೆಂದು ಕಾಗದ ಬಂತು. ಹೋದೆ. ಕೈಕಾಲು ಕಡ್ಡಿಯಾಗಿದ್ದವು, ಮಾತು ಮೆತ್ತಗಾಗಿತ್ತು. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅವಳ ಕೈ ಹಿಡಿದುಕೊಂಡು, "ಅತ್ತೆ, ಆ ಭಾನುವಾರ ಕಾರ್ಯಕ್ರಮ ಇತ್ತು. ನಾನು ಸುಳ್ಳು ಹೇಳ್ದೆ" ಎಂದೆ.

"ಗೊತ್ತು ಕಣೇ" ಎಂದಳು. "ಗೋಡೆ ಪಕ್ಕ ಬರುವಾಗ ಅವನು ಒಳಗೆ ಅದನ್ನ ತಿರುಗಿಸಿ ನೋಡ್ತಿದ್ದ. ಕೇಳುಸ್ತು."

"ಮತ್ತೆ ಯಾಕೆ ಸುಮ್ಮನೆ ಬಂದೆ?"

"ನಿಂಗೆ ನನ್ನಿಂದ ನಾಚ್ಕೆ ಆಗಿತ್ತಲ್ಲ. ಹೋಗ್ಲಿ ಬುಡು, ಚಿಕ್ಕವಳು." ಸ್ವಲ್ಪ ಉಸಿರೆಳೆದುಕೊಂಡು ಕೇಳಿದಳು. "ಅವನು ಕಾಯ್ದನೇನೇ?"

"ಕಾಯ್ದ ಅತ್ತೆ. ಅರ್ಧ ಗಂಟೆ ಕಾಯ್ದ. ನಿನಗೆ ಅಂತ ಕುರ್ಚಿ ಹಾಕ್ಸಿದ್ದ. ನಿನ್ನ ಎತ್ತರಕ್ಕೆ ಮೈಕು ಕಟ್ಸಿದ್ದ."

"ಕುರ್ಚಿ ಹಾಕ್ಸಿದ್ನಾ!" ಎಂದಳು. ಅವಳ ಮುಖ ಅರಳಿತು. ಇಷ್ಟು ವರ್ಷ ಅದನ್ನೂ ಅವಳಿಗೆ ಕೊಡದೆ ಇಟ್ಟುಕೊಂಡಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆಮೇಲೆ ಅವಳು ನನ್ನ ಕಡೆ ಹೊರಳಿ, "ಅವನ ಹೆಸರೇನೇ ಉಮಾ? ನಾನು ಕೇಳ್ಲೇ ಇಲ್ಲ ನೋಡು" ಎಂದಳು.

ನಾನೂ ಕೇಳಿರಲಿಲ್ಲ. ಅವನ ಹೆಸರು ನನಗೆ ಅಂದೂ ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ.

"ಚಂದ್ರಶೇಖರ" ಎಂದೆ.

ಗಂಗತ್ತೆ ಕಣ್ಣು ಮುಚ್ಚಿದಳು. "ಚಂದ್ರಸೇಕರ" ಎಂದು ಒಂದು ಸಲ ಅಂದಳು. ಮತ್ತೊಂದು ಸಲ ಅಂದಳು. ಆಮೇಲೆ ಕಣ್ಣು ತೆರೆದು ನನ್ನನ್ನೇ ಬಹಳ ಹೊತ್ತು ನೋಡಿ, "ಒಳ್ಳೇ ಹೆಸರು ಕಣೇ" ಎಂದಳು.

ಒಂಬತ್ತು ದಿನಕ್ಕೆ ಹೋಗಿಬಿಟ್ಟಳು. ಆ ಹೆಸರನ್ನು ಅವಳು ನಂಬಿದಳೋ, ಗೋಡೆಯ ಪಕ್ಕ ನಡೆದುಬಂದ ಹಾಗೆ ಎಲ್ಲ ಕೇಳಿಸಿಯೂ ನನಗೋಸ್ಕರ ಸುಮ್ಮನಾದಳೋ, ಕೇಳೋಣವೆಂದರೆ ಅವಳಿಲ್ಲ.