ಬಾಡಗಂಡಿ: ಒಂದೂವರೆ ತಾಸು

ನಾನು ಲೆಕ್ಕದ ಮನುಷ್ಯ ಎಂದು ನನ್ನ ಬಗ್ಗೆ ನನಗೇ ಭಾರೀ ಜಂಬವಿತ್ತು. ಬನಹಟ್ಟಿಯಲ್ಲಿ ನಮ್ಮವು ನಾಲ್ಕು ಪವರ್‌ಲೂಮು. ಮಗ್ಗದ ಕೋಣೆಗೆ ಹೊಂದಿಕೊಂಡೇ ಒಂದು ಕಂಪ್ಯೂಟರ್ ಇಟ್ಟಿದ್ದೆ. ಕಾರು ಕೊಂಡ ವರ್ಷ ಇಂಟರ್ನೆಟ್ಟಿನ ನಕಾಶೆ ತೆರೆದು, ನಮ್ಮ ಮನೆಯನ್ನು ನಟ್ಟನಡುವೆ ಇಟ್ಟು, ಬೀಗರು ಬಿಜ್ಜರ ಊರಿಗೆಲ್ಲ ಕಾರಿನಲ್ಲಿ ಎಷ್ಟು ಹೊತ್ತು ಬೇಕೆಂದು ಒಂದೊಂದಾಗಿ ಹುಡುಕಿದೆ. ಹತ್ತಿರದ ಊರಿಗೆ ಹಸಿರು, ತಾಸಿನೊಳಗಿನವಕ್ಕೆ ಹಳದಿ, ಅದಕ್ಕೂ ಆಚೆಯವಕ್ಕೆ ಕೆಂಪು. ಪ್ರಿಂಟು ತೆಗೆಸಿ ಗೋಡೆಗೆ ಅಂಟಿಸಿದೆ. ಜಮಖಂಡಿ ಹಸಿರು. ಮುಧೋಳ ಹಳದಿ. ಬೀಳಗಿಯಾಚೆಯ ಬಾಡಗಂಡಿ ಕೆಂಪು, ಒಂದೂವರೆ ತಾಸು. ನನ್ನ ಅಕ್ಕ ಇದ್ದದ್ದು ಅಲ್ಲಿ. ಅವಳ ಗಂಡನ ಊರು ಮುಳುಗಡೆಯಾದ ಮೇಲೆ ಅವರು ಬಾಡಗಂಡಿಯಲ್ಲಿ ಹೊಲ ಹಿಡಿದು ಕಬ್ಬು ಹಚ್ಚಿದ್ದರು.

ಕಂಪ್ಯೂಟರ್ ಹೇಳಿದ್ದನ್ನೆಲ್ಲ ನಂಬುವ ಹೆಡ್ಡ ನಾನಲ್ಲ! ನಮ್ಮ ಕಡೆ ಮಗ್ಗ ನಿಲ್ಲುವುದು ಅಮಾವಾಸ್ಯೆಗೆ. ಮೂರು ಅಮಾವಾಸ್ಯೆ ಕಾರು ತೆಗೆದುಕೊಂಡು ಅಕ್ಕನ ಮನೆಗೆ ಹೋಗಿಬಂದೆ, ಗಡಿಯಾರ ನೋಡಿದೆ. ಎರಡು ಮೂರು ನಿಮಿಷ ಆಚೀಚೆ, ಅಷ್ಟೇ. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಯಾರಾದರೂ ಮದುವೆಗೆ ಹೊರಟರೆ, ಒಂಬತ್ತೂ ಹತ್ತಕ್ಕೆ ಮನೆ ಬಿಡ್ರಿ, ಒಂಬತ್ತೂಕಾಲು ಮಾಡಬ್ಯಾಡ್ರಿ ಎಂದು ತಾಕೀತು ಮಾಡುತ್ತಿದ್ದೆ.

"ಇನ್ನ ಸೂರ್ಯಾನೂ ನಿಮ್ಮನ್ನ ಕೇಳೇ ಹುಟ್ಟಬೇಕ್ರೀ," ಎಂದು ಹೆಂಡತಿ ನಗುತ್ತಿದ್ದಳು.

ಆ ಚಳಿಗಾಲ ಅವ್ವ ಹಾಸಿಗೆ ಹಿಡಿದಳು. ಒಂದು ದಿನ ಮುಂಜಾನೆ ಮನೆಗೆ ಬಂದ ಡಾಕ್ಟರು ನಾಡಿ ಹಿಡಿದು ನೋಡಿ, "ಎರಡು ದಿನಾ ಹೋಗಬಹುದು, ಹೇಳಾಕ ಬರಂಗಿಲ್ಲ. ಬರೋರಿದ್ರ ಕರಸ್ಕೋರಿ," ಎಂದರು. ಅವರು ಹೊಸ್ತಿಲು ದಾಟುವಾಗ ಅವ್ವ ಕಣ್ಣು ಬಿಟ್ಟಳು.

"ಅಕಿ ಬಂದ್ಲೇನು?"

ಅಕಿ ಎಂದರೆ ಅಕ್ಕ. ಗಡಿಯಾರದಲ್ಲಿ ಎಂಟು ಗಂಟೆ.

"ಈಗಿಂದೀಗ ಫೋನ್ ಹಚ್ರಿ," ಎಂದಳು ಹೆಂಡತಿ.

ನಾನು ಗೋಡೆಯ ನಕಾಶೆ ನೋಡಿದೆ. ಅಕ್ಕನ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗು ಅಂದೇ ಬರುವುದಿತ್ತು. ಇಪ್ಪತ್ತು ದಿನ ಅವರ ಹಿಂದೆ ಅಲೆದಿದ್ದಳು ಪಾಪ. ಮನೆಯವರು ಹೊಲದಲ್ಲಿ ಇಲ್ಲವೆಂದರೆ ಗ್ಯಾಂಗು ಬೇರೆ ಹೊಲಕ್ಕೆ ಹೋಗಿಬಿಡುತ್ತದೆ. "ಒಂದಕ್ಕ ಕಟಾವು ಮುಗೀತೈತಿ. ಆಗ ಹಚ್ಚತೇನಿ. ಎರಡೂವರಿಗೆ ಇಲ್ಲಿರ್ತಾಳ," ಎಂದೆ.

"ಜೀವಾ ನಿಮ್ಮ ಗಡಿಯಾರ ನೋಡ್ಕೋತ ಕುಂಡ್ರತೈತೇನ್ರಿ?"

"ನಿನಗ ತಿಳೀದಿದ್ರ ಸುಮ್ನಿರು," ಎಂದು ಗದರಿಸಿದೆ. ಒಂಬತ್ತಕ್ಕೆ ಅಕ್ಕನೇ ಫೋನು ಮಾಡಿ ಅವ್ವ ಹೇಗಿದ್ದಾಳೆ ಎಂದು ಕೇಳಿದಳು. "ಛಲೋ ಅದಾಳ. ನಿನ್ನ ಕಟಾವು ಮುಗಿಸು, ಅವಸರ ಏನಿಲ್ಲ," ಎಂದೆ. ಈ ಬಾಯಿಂದಲೇ ಎಂದೆ.

ಹನ್ನೊಂದೂವರೆಗೆ ಅವ್ವನ ಉಸಿರಾಟ ಬದಲಾಯಿತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾವು ಕಾಯಬೇಕಾಗುತ್ತಿತ್ತು. ಅಕ್ಕನಿಗೆ ಫೋನು ಹಚ್ಚಿದೆ. ಆಕೆ "ಅಯ್ಯ ನನ್ನವ್ವಾ" ಎಂದು ಚೀರಿದ್ದು ಇನ್ನೂ ಕಿವಿಯಲ್ಲಿದೆ. ಕಾಲು ತಾಸಿನಲ್ಲಿ ಪಕ್ಕದ ಹೊಲದವರ ಕಾರು ಹತ್ತಿದಳು. ಅವ್ವ ಎರಡನೆಯ ಸಲ ಕೇಳಿದಳು. "ಬರಾಕತ್ತಾಳ ಬೇ, ಒಂದೂಕಾಲಕ್ಕ ಮುಟ್ಟತಾಳ," ಎಂದೆ. ಆಗಲೂ ನನಗೆ ನನ್ನ ಕಾಗದದ ಮೇಲೆ ನಂಬಿಕೆಯಿತ್ತು.

ಒಂದೂಕಾಲು ಆಯಿತು. ಕಾರಿನ ಸಪ್ಪಳವಿಲ್ಲ. ಫೋನು ಹಚ್ಚಿದರೆ ಅಕ್ಕ ಅಳುತ್ತಿದ್ದಳು. "ಬೀಳಗಿ ದಾಟೇನಿ ಅಷ್ಟ ತಮ್ಮಾ. ಕಬ್ಬಿನ ಟ್ರ್ಯಾಕ್ಟರ್ ಒಂದರ ಹಿಂದ ಒಂದು ನಿಂತಾವ. ಮುಂದ ಟ್ರೇಲಿ ಪಲ್ಟಿ ಆಗೇತಂತ."

ಓಡಿಹೋಗಿ ಕಂಪ್ಯೂಟರ್ ನೋಡಿದೆ. ನಕಾಶೆಯಲ್ಲಿ ದಾರಿ ಗುಡಿಸಿಟ್ಟ ಅಂಗಳದ ಹಾಗೆ ಖಾಲಿ. ಬೀಳಗಿಯಿಂದ ಬನಹಟ್ಟಿಗೆ ಒಂದು ತಾಸು ಹತ್ತು ನಿಮಿಷ. ಮತ್ತೆ ತೆರೆದೆ, ಮತ್ತೆ ಅಷ್ಟೇ. "ಸುಳ್ಳ ಹೆಂಗ ಆಗತೈತಿ? ನಾನ ಮೂರು ಸಲ ಓಡ್ಸೇನಿ!" ಎಂದು ಕಿರುಚಿದೆ.

ಒದ್ದೆ ಅರಿವೆಯಿಂದ ಅವ್ವನ ತುಟಿ ಒರೆಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಮೂರೂ ಸಲ ಅಮಾಸಿಗೆ ಹೋಗೀರಿ. ಅಮಾಸಿ ದಿನ ಗ್ಯಾಂಗಿನವರು ಕುಡಗೋಲ ಮುಟ್ಟಂಗಿಲ್ಲ. ದಾರ್ಯಾಗ ಟ್ರ್ಯಾಕ್ಟರ್ ಎಲ್ಲಿಂದ ಬರಬೇಕ್ರಿ?"

ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಇರುವವನು ನಾನು. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಮಗ್ಗ ನಡೆಸುವುದಿಲ್ಲ ಎಂಬುದು ಕೂಸಿಗೂ ಗೊತ್ತು. ನನಗೆ ಮಾತ್ರ ಹೊಳೆದಿರಲಿಲ್ಲ.

ಅವ್ವ ಮೂರನೆಯ ಸಲ ಕೇಳಿದಳು. "ಹತ್ತು ಮಿನಿಟು ಬೇ," ಎಂದೆ. ಅರ್ಧ ತಾಸಿನ ಮೇಲೆ ನಾಲ್ಕನೆಯ ಸಲ ಕೇಳಿದಳು. ಹತ್ತು ಮಿನಿಟು ಎಂದೇ ಹೇಳಿದೆ. ಬೇರೆ ಏನು ಹೇಳಲಿ? ಅವ್ವ ನನ್ನ ಮುಖವನ್ನೇ ನೋಡಿದಳು.

"ಭಾಳ ಉದ್ದ ಅದಾವಲ್ಲೋ ಯಪ್ಪಾ, ನಿನ್ನ ಹತ್ತು ಮಿನಿಟು."

ಅದೇ ಕೊನೆಯ ಮಾತು. ಎರಡು ಹೊಡೆದು ಸ್ವಲ್ಪ ಹೊತ್ತಿಗೆ ಹೋದಳು.

ಅಕ್ಕ ಬಂದದ್ದು ಮೂರಕ್ಕೆ, ಕಾರು ಅಲ್ಲೇ ಬಿಟ್ಟು ಯಾರದೋ ಬೈಕಿನ ಹಿಂದೆ ಕುಳಿತು. ಕಾಲಲ್ಲಿ ಚಪ್ಪಲಿಯಿಲ್ಲ, ಮುಂಗೈ ತುಂಬ ಕಬ್ಬಿನ ರವದಿ ಎಲೆ ಗೀರಿದ ಗೆರೆಗಳು. ಅವ್ವನ ಪಾದ ಹಿಡಿದು ಬಹಳ ಹೊತ್ತು ಕುಳಿತಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಕೇಳಿದ್ಲೇನೋ ತಮ್ಮಾ?"

"ಇಲ್ಲಕ್ಕಾ. ನಿದ್ದಿಯೊಳಗ ಹೋದ್ಲು."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ಹೆಂಡತಿ ನನ್ನನ್ನೇ ದಿಟ್ಟಿಸಿ ನೋಡಿ ಒಳಗೆ ಹೋದಳು. ಕೇಳಿದಳು ಎಂದಿದ್ದರೆ, ಯಾವಾಗಿನಿಂದ ಎಂದು ಅಕ್ಕ ಕೇಳುತ್ತಿದ್ದಳು. ಅದಕ್ಕೆ ಹೆದರಿದೆ. ಹೇಡಿ ನಾನು.

ಅಂದಿನಿಂದ ಇಂದಿನವರೆಗೂ ನಾಲ್ಕು ಮಂದಿ ಸೇರಿದಲ್ಲಿ ಅಕ್ಕ ನಗುನಗುತ್ತಲೇ ಹೇಳುತ್ತಾಳೆ: "ನಮ್ಮವ್ವ ಮಗನ ಮಾರಿ ನೋಡ್ಕೋತ ಹೋದ್ಲು, ಮಗಳನ್ನ ನೆನಸಲಿಲ್ಲ." ಆಗ ನಾನು ಎದ್ದು ಹೊರಗೆ ಹೋಗುತ್ತೇನೆ. ಬಾಯಿ ಬಿಟ್ಟು ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೆನೆಸಿದಳು ಅಕ್ಕಾ. ನಾಲ್ಕು ಸಲ ಕೇಳಿದಳು. ಮೊದಲನೆಯ ಸಲ ಕೇಳಿದ್ದು ಮುಂಜಾನೆ ಎಂಟಕ್ಕೆ.